ಎರಡು ಸಾಲಿನವರು ಹಾಡಿದ ತರ್ಕ

ಸುರಿಯಾನಿ ಕ್ರೈಸ್ತರ ಹಳೆಯ ಬೆಟ್ಟನಾಡಾದ ನಮ್ಮ ತೂರ್ ಅಬ್ದೀನಿನಲ್ಲಿ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ. ಯಾರು ನಕಲು ಮಾಡಿದರು, ಮಸಿ ಯಾರು ಕೊಟ್ಟರು, ಆ ಚಳಿಗಾಲದಲ್ಲಿ ಬರೆಯುವವನಿಗೆ ಊಟ ಹಾಕಿದ ಹೆಂಗಸು ಯಾರು, ಎಲ್ಲವೂ ಕೊನೆಯ ಪುಟದಲ್ಲಿರುತ್ತದೆ. ಅವರಿಗೆಲ್ಲ ಒಂದು ಪ್ರಾರ್ಥನೆ ಹೇಳಿದ ಮೇಲೆ ಒಳಗಿನ ವಿಷಯ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ನನ್ನ ಹೊಸ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಲಹ್ದೊ ದೊಡ್ಡಪ್ಪನ ಮನೆಗೆ ಹೊರಟಾಗ ಅದು ನೆನಪಾಗಲಿಲ್ಲ. ನಾನು ಪಂಡಿತ ನೋಡಿ.

ಪುಸ್ತಕ ಜರ್ಮನ್ ಭಾಷೆಯದು. ಗ್ರೀಕರ ತರ್ಕಶಾಸ್ತ್ರ ನಮ್ಮ ಸುರಿಯಾನಿ ಮಠಗಳಲ್ಲಿ ಎಷ್ಟು ಕಾಲ ಬದುಕಿತ್ತು ಎಂಬುದು ವಿಷಯ. ಮಠದ ಒಂದು ಹಳೆಯ ತರ್ಕದ ಪ್ರತಿಯಲ್ಲಿ ಸಾಲುಗಳ ಪಕ್ಕ ಕೆಂಪು ಚುಕ್ಕೆಗಳಿದ್ದವು, ಕೆಲವೆಡೆ ಒಂದು, ಕೆಲವೆಡೆ ಎರಡು. ಮೂರು ವರ್ಷ ತಲೆ ಕೆರೆದುಕೊಂಡರೂ ನನಗೆ ಅರ್ಥವಾಗಲಿಲ್ಲ. ಕಡೆಗೆ ನಮ್ಮೂರ ಚರ್ಚಿನಲ್ಲಿ ಅರವತ್ತು ವರ್ಷದಿಂದ ಹಾಡುತ್ತಿದ್ದ ಲಹ್ದೊ ದೊಡ್ಡಪ್ಪನಿಗೆ ತೋರಿಸಿದೆ. ಅವರು ಹಾಳೆಯನ್ನು ಮೂಗಿಗೆ ಹತ್ತಿರ ಹಿಡಿದು ನಕ್ಕುಬಿಟ್ಟರು.

"ಅಯ್ಯೋ ಮೇಷ್ಟ್ರೇ, ಚರ್ಚಲ್ಲಿ ನೀನು ಬರೀ ನಿದ್ದೆ ಮಾಡ್ತಿದ್ದೆ ಅಂತ ಕಾಣತ್ತೆ. ಒಂದು ಚುಕ್ಕೆ ಬಲಗಡೆ ನಿಂತು ಹಾಡೋ ಸಾಲಿನವರಿಗೆ, ಎರಡು ಚುಕ್ಕೆ ಎಡಗಡೆಯವರಿಗೆ. ಅವರು ಕೇಳ್ತಾರೆ, ಇವರು ಉತ್ತರ ಹೇಳ್ತಾರೆ. ಇದನ್ನ ಹಾಡ್ತಿದ್ರು ಕಣೋ."

ಹಾಡಿಯೇ ತೋರಿಸಿದರು. ಗ್ರೀಕರ ಪ್ರಶ್ನೆ ಒಂದು ದನಿಯಲ್ಲಿ, ಉತ್ತರ ಇನ್ನೊಂದು ದನಿಯಲ್ಲಿ. ನನ್ನ ಮೈ ಜುಮ್ಮೆಂದಿತು. ನನ್ನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿರುವುದು ಇಷ್ಟೇ, ನನಗೆ ಹೆಸರು ತಂದದ್ದೂ ಅದೇ. ಅಲ್ಲಿ ನಾನು ಬರೆದದ್ದು ಹೀಗೆ: 'ಚುಕ್ಕೆಗಳನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತಿದ್ದಾಗ ನನಗೆ ಹೊಳೆಯಿತು.' ಸೊಂಟಕ್ಕೆ ಹಳೇ ಶಾಲು ಸುತ್ತಿಕೊಂಡ ಹಳ್ಳಿಯ ಮುದುಕ ಹೇಳಿಕೊಟ್ಟ ಎಂದು ಬರೆದರೆ ನನ್ನ ತೂಕ ಕಡಿಮೆಯಾದೀತು ಎಂಬ ಭಯ. ಉಂಡ ಮನೆಯ ಜಂತೆ ಎಣಿಸುವವರನ್ನು ಬೈಯುತ್ತಾರೆ. ನಾನು ಜಂತೆಯನ್ನೇ ಕಿತ್ತುಕೊಂಡು ಹೋಗಿದ್ದೆ.

ದೊಡ್ಡಪ್ಪ ನಾನು ಕೊಟ್ಟ ಹೊಸ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಹಿಂದಿನ ಪುಟ ತೆರೆದು ನನ್ನತ್ತ ಚಾಚಿದರು.

"ಸಣ್ಣಚ್ಚು, ನನ್ನ ಕಣ್ಣಿಗೆ ಹತ್ತಲ್ಲ. ನೀನೇ ಓದು. ಯಾರ್ಯಾರ ಹೆಸರಿದೆ?"

ಕೃತಜ್ಞತೆಯ ಪುಟ ಅದೃಷ್ಟಕ್ಕೋ ದುರದೃಷ್ಟಕ್ಕೋ ಕೊನೆಯಲ್ಲೇ ಇತ್ತು. ನಾನು ಪ್ರೊಫೆಸರುಗಳ ಹೆಸರು ಓದುತ್ತಾ ಹೋದೆ. ಕಡೆಗೆ, "ಲಹ್ದೊ, ನಮ್ಮೂರ ಚರ್ಚಿನ ಹಾಡುಗಾರರು," ಎಂದುಬಿಟ್ಟೆ.

"ಎಲ್ಲಿದೆ? ಬೆರಳಿಟ್ಟು ತೋರ್ಸು."

ಬೆರಳಿಟ್ಟೆ. ಅವರ ಸೊಸೆ ಹಜ್ನೆ ಚಹಾದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳ ಪಾಡಿಗೆ ಅವಳಿದ್ದಾಳೆ ಎಂದುಕೊಂಡಿದ್ದೆ.

"ಏನಮ್ಮ, ಅಲ್ಲೇನಿದೆ?"

"ಯಾರೋ ಪ್ರೊಫೆಸರ್ ಹೆಸರು, ಮಾವ," ಎಂದಳು ಹಜ್ನೆ. ಆಮೇಲೆ ನನ್ನ ಕಡೆ ತಿರುಗಿ, "ಎಂಟು ವರ್ಷ ಜರ್ಮನಿಲಿ ಆಸ್ಪತ್ರೆ ನೆಲ ಒರೆಸಿ ಬಂದಿದೀನಿ, ಮೇಷ್ಟ್ರೇ. ಓದಕ್ಕೆ ಬರತ್ತೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಪಾದ್ರಿಗಳು ಹೋದ ತಿಂಗಳೇ ಇದನ್ನ ತರಿಸಿದ್ರು," ಎಂದರು ದೊಡ್ಡಪ್ಪ. "ಇವಳು ಪೂರ್ತಿ ಓದಿ ಹೇಳಿದ್ಲು."

"ಮತ್ತೆ ಯಾಕೆ ಕೇಳಿದ್ರಿ, ದೊಡ್ಡಪ್ಪ?"

"ಬೆರಳು ಎಲ್ಲಿಡ್ತೀಯ ನೋಡೋಣ ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ ಆಗುತ್ತಿತ್ತು. ನಾನು "ತಪ್ಪಾಯ್ತು" ಎಂದೆ. ಆ ಮಾತು ನನಗೇ ಸಾಲದಾಯಿತು.

ಅವರು ಎದ್ದು ಗೋಡೆಯ ಗೂಡಿನಿಂದ ಒಂದು ಕಟ್ಟು ತಂದರು. ಮಠದ ಪ್ರತಿ ಜೀರ್ಣವಾಗುತ್ತಿದೆಯೆಂದು, ಭೂತಗನ್ನಡಿ ಹಿಡಿದು ಅದೇ ತರ್ಕದ ಪುಸ್ತಕವನ್ನು ದಪ್ಪಕ್ಷರದಲ್ಲಿ ನಕಲು ಮಾಡಿದ್ದರು. ಚುಕ್ಕೆಗಳೂ ಇದ್ದವು. ಕೊನೆಯ ಪುಟ ತೆರೆದು ಮುಂದಿಟ್ಟರು. ನಾನು ಓದಿದೆ: 'ಪಾಪಿಯೂ ದಡ್ಡನೂ ಆದ ಲಹ್ದೊ ಇದನ್ನು ಬರೆದ. ಸೊಸೆ ಹಜ್ನೆ ಊಟ ಹಾಕಿದಳು. ಮರೆತುಹೋಗಿದ್ದ ಈ ಪುಸ್ತಕವನ್ನು ಹುಡುಕಿ ನನ್ನಿಂದ ಹಾಡಿಸಿದವನು ಮೇಷ್ಟ್ರು ಗವ್ರಿಯೆ. ಓದುವವರು ನಮಗಾಗಿ ಪ್ರಾರ್ಥಿಸಿ.'

ನನ್ನ ಹೆಸರಿನ ಹಿಂದೆ ಒಂದು ಪದದಷ್ಟು ಜಾಗ ಖಾಲಿ ಇತ್ತು.

"ನಿನ್ನ ಹೆಸರೇ ಬೇಡ ಅಂದ್ಲು ಇವಳು," ಎಂದರು ದೊಡ್ಡಪ್ಪ. "ಕೆಲಸ ಮಾಡಿದವನ ಹೆಸರು ಬಿಡೋದು ನಮ್ಮಲ್ಲಿಲ್ಲ. ಆ ಜಾಗ ನೀನೇ ತುಂಬು." ಬಿದಿರ ಲೇಖನಿಯನ್ನು ಮಸಿಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು.

ಅಲ್ಲಿ ಬರೆಯುವ ಪದ ಯಾವುದೆಂದು ನಮ್ಮ ಜನಕ್ಕೆಲ್ಲ ಗೊತ್ತು. ನಕಲುಗಾರರು ಅದನ್ನು ಬರೀ ರೂಢಿಗೆ ಬರೆಯುತ್ತಾರೆ, ಅದರಲ್ಲಿ ಅರ್ಥವೇನೂ ಇಲ್ಲ ಎಂದು ನನ್ನ ಎರಡನೆಯ ಅಧ್ಯಾಯದಲ್ಲಿ ಎರಡು ಪುಟ ಬರೆದಿದ್ದೇನೆ.

'ಪಾಪಿ' ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.

"ಒಣಗೋ ತನಕ ಮುಚ್ಚಬೇಡ," ಎಂದರು ದೊಡ್ಡಪ್ಪ. ಹಜ್ನೆ ನನ್ನ ಮುಂದೆ ಚಹಾ ಇಟ್ಟಳು. ಅದು ಆರಿಹೋಯಿತು, ನನಗೆ ಕುಡಿಯಲಾಗಲಿಲ್ಲ.