ಘಾಟಿ ಹತ್ತಿದ ಉಡಿ

ಸಂಡೂರು ಘಾಟಿಯ ಮೊದಲ ತಿರುವಿನಲ್ಲೇ ಸುಧಾರಾಣಿಗೆ ಗಂಡನ ಮೇಲೆ, ಗಂಡನ ಸೋದರತ್ತೆಯ ಮೇಲೆ, ಆ ಇಡೀ ಮನೆತನದ ಮೇಲೆ ಒಟ್ಟಿಗೇ ಸಿಟ್ಟು ಬಂತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಐದು ಸೇರು ಅಕ್ಕಿ, ಐದು ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಮೇಲೊಂದು ಕುಬಸದ ಕಣ. ಇಷ್ಟನ್ನೂ ಒಂದು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಯಾವ ಪುಣ್ಯಾತ್ಗಿತ್ತಿ ಗುಡ್ಡ ಹತ್ತಿದ್ದಾಳೆ ಹೇಳಿ?

ಎಲ್ಲ ಕುರುಗೋಡಿನ ಸಾವಂತ್ರಮ್ಮತ್ತೆಯ ಪ್ರೀತಿ. ಬಳ್ಳಾರಿಯಿಂದ ಹೊರಟ ಸೈಕಲ್ ಬಳಗ ಮೊದಲ ದಿನ ಸಿರುಗುಪ್ಪದಲ್ಲಿ ಸುಧಾರಾಣಿಯ ಅಕ್ಕನ ಮನೆಯಲ್ಲಿ ತಂಗಿತ್ತು. ಅಕ್ಕ ನಾಗಲಕ್ಷ್ಮಿ ಶಾಸ್ತ್ರಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿ ಕಳಿಸಿದ್ದಳು. ತವರಿನವರಿಗೆ ಹೆಣ್ಣಿನ ಬೆನ್ನು ಗೊತ್ತಿರುತ್ತದೆ. ಎರಡನೆಯ ದಿನ ಕುರುಗೋಡು. ಈ ಬೆಳಿಗ್ಗೆ ಹೊರಡುವಾಗ ಅತ್ತೆ ಮೊರ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಅತ್ತೀ, ಸೈಕಲ್ ಮ್ಯಾಲೆ ಹೊಂಟೀವ್ರಿ."

"ಸೈಕಲ್ ಮ್ಯಾಲರ ಹೋಗು, ಇಮಾನದ ಮ್ಯಾಲರ ಹೋಗು. ಮುತ್ತೈದಿ ಬರೀ ಉಡೀಲೆ ನನ್ನ ಹೊಸ್ತಿಲ ದಾಟಬಾರದು."

ಸೈಕಲ್ಲಿನ ಪ್ಯಾಂಟಿಗೆ ಸೆರಗು ಎಲ್ಲಿಂದ ಬರಬೇಕು? ಟವೆಲನ್ನೇ ಸೊಂಟಕ್ಕೆ ಸುತ್ತಿ, ಹೆಲ್ಮೆಟ್ಟಿನ ಕೆಳಗೆ ಕುಂಕುಮ ಮೆತ್ತಿ ಅತ್ತೆ ಸುರಿದಳು, ಸುರಿದಳು, ಸುರಿಯುತ್ತಲೇ ಹೋದಳು.

ಆಗ ಗಂಡ ಉಮಾಪತಿ ಎಂಬ ಮಹಾನುಭಾವ ಏನು ಮಾಡುತ್ತಿದ್ದ? ಬ್ರೂಸ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಬಳಗದ ಮುಖಂಡ, ಹೊರಡುವ ಮುಂಚೆ ಎಲ್ಲರ ಚೀಲವನ್ನೂ ಅಂಗಡಿಯ ತಕ್ಕಡಿಗೆ ಹಾಕಿ ತೂಗಿದವನು. "ಒಂದೊಂದು ಗ್ರಾಮೂ ಘಾಟಿನ್ಯಾಗ ಮಣ ಆಗತೈತಿ" ಎಂದು ಹೆಂಡತಿಯ ತಲೆಯೆಣ್ಣೆ ಸೀಸೆಯನ್ನೂ ತೆಗೆದಿಡಿಸಿದವನು. ಅತ್ತೆಯ ಮುಂದೆ ಆ ಬಾಯಿಗೆ ಬೀಗ! ಸುಧಾರಾಣಿ ಗಂಟು ಎತ್ತಿಟ್ಟಳು, ಅವನು ಹಗ್ಗ ಬಿಗಿದ. "ನಾ ಹಾಕಿದ ಗಂಟು ಬಿಚ್ಚಂಗಿಲ್ಲ ತಗೋ" ಎಂದ.

ಬಳಗದ ಹಿಂದೆ ಸಾಮಾನು ಹೊತ್ತು ಬರುವ ಟೆಂಪೋದ ಮಾರೆಣ್ಣ, "ಅಕ್ಕಾರ, ಕೊಡ್ರಿ, ಗಾಡ್ಯಾಗ ಇಡ್ತೀನಿ" ಎಂದ. ಅದಕ್ಕೂ ಉಮಾಪತಿ ಅಡ್ಡ ಬಾಯಿ ಹಾಕಿದ. ಉಡಿ ಹೆಣ್ಣುಮಗಳ ಕೈ ಬಿಟ್ಟು ಹೋಗಬಾರದಂತೆ, ಮನೆ ಮುಟ್ಟುವ ಮುಂಚೆ ನೆಲಕ್ಕೆ ಬೀಳಬಾರದಂತೆ, ಬಿದ್ದರೆ ಗಂಡನಿಗೆ ಒಳ್ಳೆಯದಲ್ಲವಂತೆ. ಅವರವ್ವ ಹೇಳಿದ್ದಾರಂತೆ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದಳು. ಆದರೆ ಹೋದ ವರ್ಷ ಇದೇ ಘಾಟಿಯಲ್ಲಿ ಅವಳು ಇಳಿದು ಸೈಕಲ್ ನೂಕಿದ್ದಳು. "ನೂಕ್ಕೊಂಡು ಬಂದ್ರ ಹತ್ತಿದಂಗಲ್ಲ, ಸೈಕಲ್ಲಿಗೆ ಊರು ತೋರಿಸಿದಂಗ" ಎಂದು ಉಮಾಪತಿ ನಕ್ಕಿದ್ದ. ಆ ಮಾತು ಅಂಗಡಿಯ ಗಿರಾಕಿಗಳ ಬಾಯಲ್ಲೆಲ್ಲ ಆಡಿ ಅವಳ ಕಿವಿಗೇ ವಾಪಸು ಬಂದಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಗಾಂಧಿನಗರದ ಮನೆಯಿಂದ ಕೋಟೆ ಗುಡ್ಡದ ಕಡೆಗೆ ತುಳಿದು ತುಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು. ಈ ಸಲ ತುದಿ ಮುಟ್ಟುವ ತನಕ ಕಾಲು ನೆಲಕ್ಕೆ ತಾಗಬಾರದು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅದಿರಿನ ಲಾರಿಗಳು ಕೆಂಪು ಧೂಳು ಎಬ್ಬಿಸುತ್ತ ಪಕ್ಕದಲ್ಲೇ ಗುರುಗುಟ್ಟಿದವು. ಏರು ಹೆಚ್ಚಾದಂತೆ ಗಂಟು ಸೈಕಲನ್ನು ಹಿಂದಕ್ಕೆ ಜಗ್ಗತೊಡಗಿತು. ಪಕ್ಕದಲ್ಲಿ ತುಳಿಯುತ್ತಿದ್ದ ಕೌಲ್ ಬಜಾರಿನ ಗೆಳತಿ ಆಸ್ಫಿಯಾಗೆ ನೋಡಲಾಗಲಿಲ್ಲ.

"ಅಕ್ಕಾ, ಒಂದೆರಡು ಕಾಯಿ ಒಗದ್ ಬಿಡ್ರಿ. ಯಾರು ನೋಡ್ತಾರ?"

"ಹಿಂದ ಬರಾಕತ್ತಾರಲ್ಲವ್ವಾ ಯಜಮಾನ್ರು, ಕಾವಲು ಕಾಯ್ಕೋತ."

ಯಜಮಾನರಂತೂ ಸುಮ್ಮನಿರುವ ಜಾತಿಯಲ್ಲ. "ಸುಧಾ, ಗೇರ್ ಇಳಸು! ಉಸುರು ಮೂಗಿನ್ಯಾಗ ತಗೋ! ಗಂಟು ವಾಲಾಕತ್ತೈತಿ, ನೋಡ್ಕೋ!"

"ಬಾಯಿ ಮುಚ್ಕೊಂಡು ತುಳೀರಿ ಸುಮ್ನ!" ಎಂದು ಕೂಗಿದಳು. ಹಾಗೆ ಕೂಗಿದ್ದಕ್ಕೆ ಉಳಿದಿದ್ದ ಉಸಿರೂ ಹೋಯಿತು.

ತುದಿ ಕಾಣುವ ಕೊನೆಯ ಏರಿನಲ್ಲಿ, ಬಿಚ್ಚಂಗಿಲ್ಲ ಎಂದಿದ್ದ ಆ ಗಂಟು ಸಡಿಲಾಯಿತು. ಒಂದು ಕಾಯಿ ಟಪ್ಪೆಂದು ಬಿದ್ದು ಇಳಿಜಾರಿನಲ್ಲಿ ಉರುಳತೊಡಗಿತು.

"ಕಾಯಿ! ಸುಧಾ, ಕಾಯಿ! ನಿಂದ್ರು!"

ಸುಳ್ಳೇಕೆ ಹೇಳಬೇಕು, ಎಷ್ಟು ಬೈದರೂ ಅವಳೂ ಆ ಮನೆಯ ಸೊಸೆಯೇ. ಎಡಗಾಲು ಪೆಡಲ್ ಬಿಟ್ಟು ಕೆಳಗಿಳಿಯಿತು. ನೆಲಕ್ಕೆ ಇನ್ನೊಂದು ಗೇಣು ಇರುವಾಗ ಹಿಂದೆ ಸೈಕಲ್ ದಡಾರೆಂದು ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದರೆ, ಯಾವ ಏರಿನಲ್ಲೂ ಕಾಲೂರದ ಮುಖಂಡರು ರಸ್ತೆಯಲ್ಲಿ ಕಾಯಿಯ ಹಿಂದೆ ಓಡುತ್ತಿದ್ದಾರೆ! ಸುಧಾರಾಣಿ ಕಾಲನ್ನು ಪೆಡಲ್ ಮೇಲಿಟ್ಟಳು. ಹಲ್ಲು ಕಚ್ಚಿ ತುಳಿದಳು.

ತುದಿಯ ಚಹಾದಂಗಡಿಯ ಮುಂದೆ ಇಳಿದಳು. ಅಳು ಬಂತು. ಅತ್ತೆಯನ್ನು, ಅಕ್ಕಿಯನ್ನು, ಲಾರಿಗಳನ್ನು ಬೈಯುತ್ತಲೇ ಅತ್ತಳು. ಆಸ್ಫಿಯಾ ನೀರು ಕೊಟ್ಟು ಬೆನ್ನು ಸವರಿದಳು.

ಬಹಳ ಹೊತ್ತಿನ ಮೇಲೆ ಉಮಾಪತಿ ಬಂದ, ಸೈಕಲ್ ನೂಕಿಕೊಂಡು. ಆ ಏರಿನಲ್ಲಿ ಒಮ್ಮೆ ಇಳಿದರೆ ಮತ್ತೆ ಹತ್ತುವುದು ಅಷ್ಟು ಸುಲಭವಲ್ಲ. ಅಂಗಿಯೊಳಗೆ ಹೊಟ್ಟೆಯ ಹತ್ತಿರ ಕಾಯಿ ಉಬ್ಬಿ ಕಾಣುತ್ತಿತ್ತು. ಒಂದು ವರ್ಷದಿಂದ ಕೂಡಿಟ್ಟ ಮಾತನ್ನು ಆಡಲು ಸುಧಾರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಟೆಂಪೋ ತಂದು ನಿಲ್ಲಿಸಿದ್ದ ಹಾಳಾದ ಮಾರೆಣ್ಣ, "ಏನ್ರಿ ಅಣ್ಣಾರ, ಸೈಕಲ್ಲಿಗೆ ಊರು ತೋರ್ಸಾಕತ್ತೀರೇನು?" ಎಂದುಬಿಟ್ಟ. ಚಹಾದಂಗಡಿಯವನೂ ನಕ್ಕ.

ಉಮಾಪತಿ ಕಾಯಿ ತೆಗೆದು ಅವಳ ಮುಂದೆ ಹಿಡಿದ. "ಒಡದಿಲ್ಲ ನೋಡು."

ಅವಳು ಕಾಯಿ ಮುಟ್ಟಲಿಲ್ಲ. "ಒಂದು ಮಾತು ಹೇಳ್ರಿ. ಈ ಉಡಿ ಯಾರ ಆಯುಷ್ಯಕ್ಕಂತ ತುಂಬ್ಯಾರ?"

"ಮತ್ಯಾರ್ದು? ನಂದು."

"ಹಂಗಾರ ನಿಮ್ಮ ಆಯುಷ್ಯ ನೀವಾ ಹೊರ್ರಿ. ಮುಂದ ಕುಮಾರಸ್ವಾಮಿ ಗುಡ್ಡ ಬಾಕಿ ಐತಿ."

ಕಣ್ಣು ಒರೆಸಿಕೊಂಡು ಸೈಕಲ್ ತಂದು ಅವನ ಪಕ್ಕದಲ್ಲಿ ನಿಲ್ಲಿಸಿದಳು. ಉಮಾಪತಿ ಸುತ್ತ ನೋಡಿದ. ಅವನ ಪರ ಮಾತಾಡಲು ಅಲ್ಲಿ ಒಬ್ಬರೂ ಇರಲಿಲ್ಲ. ಹಗ್ಗ ಬಿಚ್ಚಿ ಗಂಟಿಗೆ ಒಂದು ಕೈ ಹಾಕಿದ. ಏಳಲಿಲ್ಲ. ಎರಡೂ ಕೈ ಹಾಕಿ ಎತ್ತಿದ, ಎತ್ತಿ ಹಾಗೇ ನಿಂತ.

"ಇಷ್ಟು ಹೊತ್ಕೊಂಡು ಹತ್ತಿದೇನು ನೀ?" ಎಂದ ಮೆಲ್ಲಗೆ.

ಸುಧಾರಾಣಿ ಚಹಾ ಕುಡಿಯುತ್ತಿದ್ದಳು.