ಮೊದಲು ಕುರಿಯ ಕಿವಿಗೆ

ನನಗೆ ಕೋಪ ಮೂಗಿನ ತುದೀಲಿ. ಇದನ್ನ ಮೊದಲೇ ಹೇಳಿಬಿಡೋದು ವಾಸಿ, ಆಮೇಲೆ ಯಾರೂ ನನ್ನನ್ನ ಸಾಧು ಅಂದ್ಕೋಬಾರದು. ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟೋನಿಗೆ ತಾಳ್ಮೆ ಇರಬೇಕು ಅಂತಾರೆ. ನನಗೆ ಅದು ಬೆರಳಲ್ಲಿದೆ, ಬೇರೆಲ್ಲೂ ಇಲ್ಲ. ಸಾಸಿವೆ ಕಾಳಿನಷ್ಟು ಬೆಸುಗೆ ಹಾಕ್ತಾ ಅರ್ಧ ದಿನ ಕೂತಿರ್ತೀನಿ. ಅಷ್ಟರಲ್ಲಿ ಯಾರೋ ಬಾಗಿಲು ಮುಚ್ಚದೆ ಹೋದರೆ ಸಾಕು, ಕೈಲಿದ್ದದ್ದು ಗೋಡೆಗೆ ಹಾರುತ್ತೆ.

ನಮ್ಮ ಕಸುಬಲ್ಲಿ ಒಂದು ಪದ್ಧತಿ ಇದೆ. ಹೊಸ ಆಂಪ್ ಕಟ್ಟಿದ ಕೂಡಲೇ ಅದನ್ನ ಯಾರ ಕಿವಿಗೂ ಇಡೋ ಹಾಗಿಲ್ಲ. ಮೊದಲು ಕರೆಂಟು ಅಳೆಯೋ ಮೀಟರ್ ಹಿಡಿದು ನೋಡಬೇಕು. ಆಮೇಲೆ ಸತ್ತರೂ ಅಳೋರಿಲ್ಲದ ಒಂದು ಹಳೇ ಹೆಡ್‌ಫೋನ್ ಸಿಕ್ಕಿಸಿ, ಮೇಜಿನ ಮೇಲಿಟ್ಟು ದೂರದಿಂದ ಕೇಳಬೇಕು. ಒಳಗೆ ಎಡವಟ್ಟಾಗಿದ್ದರೆ ಅದು ಸಾಯುತ್ತೆ, ಕಿವಿ ಉಳಿಯುತ್ತೆ. ಅದನ್ನ ನಾವು ಕುರಿ ಅಂತೀವಿ. ನನ್ನ ಕುರಿಗೆ ಒಂದು ಕಡೆ ಸ್ಪಂಜಿಲ್ಲ, ತಲೆಪಟ್ಟಿಗೆ ಮೂರು ಕಡೆ ಟೇಪು. ಹನ್ನೊಂದು ವರ್ಷ ಬದುಕಿತ್ತು.

ತಂಗಿ ಬಂದದ್ದು ಬುಧವಾರ ಬೆಳಿಗ್ಗೆ, ಒಂದು ಚೀಲ ಹಿಡಿದುಕೊಂಡು. ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೇಲಿ ಒಣಗಿತ್ತು. ಗಂಡ ಹೊಡೆದಿದ್ದ. ಅವನು ಹೊಡೆಯೋದು ಹೊಸದಲ್ಲ, ಇವಳು ಬಾಯಿಬಿಟ್ಟು ಹೇಳಿದ್ದು ಹೊಸದು. ಡಾಕ್ಟರು ನೋಡಿ, ಕಿವಿ ತಮಟೆ ಹರಿದಿದೆ, ಒಳಗೂ ಏಟು ಬಿದ್ದಿದೆ, ಎಡಗಡೆದು ಇನ್ನು ಬರಲ್ಲ, ಬಲಗಿವಿ ಜೋಪಾನ ಅಂದರು.

ಅವಳ ಅನ್ನವೇ ಕಿವಿ. ಕೋರ್ಟಲ್ಲಿ ರೆಕಾರ್ಡ್ ಆದ ಸಾಕ್ಷಿಗಳ ಮಾತು ಕೇಳಿ ಟೈಪ್ ಮಾಡೋ ಕೆಲಸ. ಗೊಣಗಿದ್ದು, ಪಿಸುಗುಟ್ಟಿದ್ದು, ಅಳ್ತಾ ಅಂದದ್ದು ಎಲ್ಲಾ ಅಕ್ಷರ ಆಗಬೇಕು. ಆಫೀಸಿನೋರು ಸೋಮವಾರಕ್ಕೆ ಪರೀಕ್ಷೆ ಇಟ್ಟರು. ಒಂದು ಗಂಟೆ ರೆಕಾರ್ಡನ್ನ ಐದಕ್ಕಿಂತ ಹೆಚ್ಚು ತಪ್ಪಿಲ್ಲದೆ ಟೈಪ್ ಮಾಡಿದರೆ ಕೆಲಸ ಉಳಿಯುತ್ತೆ, ನಿಮ್ಮದೇ ಸಲಕರಣೆ ತಂದರೂ ಅಡ್ಡಿಯಿಲ್ಲ ಅಂದರಂತೆ. ಕೆಲಸ ಇದ್ದರೆ ಸ್ವಂತ ಕಾಲ ಮೇಲೆ ನಿಲ್ಲಬಹುದು. ಹೋದರೆ ಗಂಡನ ಮನೆ, ಇಲ್ಲಾ ಅಣ್ಣನ ಮನೆ. ಅಣ್ಣನ ಮನೆ ಇದೆಯಲ್ಲ, ಯಾಕೆ ಹೆದರ್ತೀಯ ಅಂದೆ. ಅವಳು ಬಿಚ್ಚಿದ್ದ ಚೀಲವನ್ನ ಮತ್ತೆ ಕಟ್ಟಿಟ್ಟಳು. ಯಾಕೆ ಅಂತ ಆಗ ನನಗೆ ಹೊಳೀಲಿಲ್ಲ.

ತಗಡಿನ ಬಿಸ್ಕತ್ ಡಬ್ಬೀಲಿ ಆಂಪ್ ಕಟ್ಟಿದೆ. ಎಡ ಬಲ ಎರಡರ ಶಬ್ದವೂ ಬಲಗಡೆಗೇ ಬರೋ ಹಾಗೆ, ಮನುಷ್ಯರ ದನಿ ಮೇಲೆದ್ದು ಫ್ಯಾನು ಗಾಡಿಗಳ ಗದ್ದಲ ಕೆಳಗಿಳಿಯೋ ಹಾಗೆ. ಶುಕ್ರವಾರ ಹಾಡಿತು, ಆದರೆ ಹಿಂದೆಯೇ ಒಂದು ಗುಂಯ್. ಕೆಪಾಸಿಟರ್ ಬದಲಾಯಿಸಿದೆ, ವೈರು ಹೆಣೆದೆ, ಡಬ್ಬಿಯ ಅಪ್ಪ ಅಮ್ಮನ್ನೆಲ್ಲ ಬೈದೆ. ತಲೆ ಚಿಟ್ಟು ಹಿಡಿದು ಮೇಜಿಗೆ ಗುದ್ದಿದೆ. ನಾನು ಗುದ್ದಿದಾಗಲೆಲ್ಲ ತಂಗಿಯ ಕೈ ತಾನಾಗಿ ಎಡಕೆನ್ನೆಗೆ ಹೋಗ್ತಿತ್ತು. ಕಂಡರೂ ಕಾಣದ ಹಾಗೆ ಇದ್ದೆ.

ಕೊನೆಗೆ ಕಂಡುಹಿಡಿದದ್ದು ಅವಳು. ಶನಿವಾರ ಪಕ್ಕದಲ್ಲಿ ಕೂತು ನೋಡ್ತಾ, ಈ ಅರ್ಥ್ ವೈರು ಒಂದೇ ಸ್ಕ್ರೂಗೆ ಎರಡು ದಾರೀಲಿ ಯಾಕೆ ಬರುತ್ತೆ ಅಂತ ಕೇಳಿದಳು. ಒಂದನ್ನ ಕತ್ತರಿಸಿದೆ. ಗುಂಯ್ ಮಾಯ. ಮೀಟರ್ ಹಿಡಿದೆ, ಕುರಿಗೆ ಕೇಳಿಸಿದೆ, ಆಮೇಲೆ ಅವಳಿಗೆ ಕೊಟ್ಟೆ. ಜಡ್ಜು ಕುರ್ಚಿ ಎಳೆದದ್ದೂ ಕೇಳ್ತಿದೆ ಅಂತ ನಕ್ಕಳು. ನನಗೆ ಕಣ್ಣು ತುಂಬಿ ಬಂತು, ಬೆಸುಗೆಯ ಹೊಗೆ ಅಂದೆ.

ಭಾನುವಾರ ಹನ್ನೊಂದು ಗಂಟೆಗೆ ಅವಳ ಗಂಡ ಬಂದ, ಪರೀಕ್ಷೆಯ ಸುದ್ದಿ ಆಫೀಸಿನೋರಿಂದ ಕೇಳಿಕೊಂಡು. ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದ. ಸಾಕು ನಾಟಕ, ನಡಿ ಮನೆಗೆ ಅಂತ ಅವಳ ಜಡೆಗೆ ಕೈ ಹಾಕಿದ. ನಾನು ಕುರ್ಚಿ ಎತ್ತಿ ಅವನ ಬೆನ್ನಿಗೆ ಹಾಕಿದೆ. ಕುರ್ಚಿಯ ಕಾಲು ಮುರೀತು. ಅವನು ತಿರುಗಿ ನನ್ನ ಬಾಯಿಗೆ ಗುದ್ದಿದ, ಒಂದು ಹಲ್ಲು ಅಲ್ಲಾಡಿತು. ಮೇಜಿನ ಮೇಲಿದ್ದ ಆಂಪ್ ಕಂಡಿತು ಅವನಿಗೆ. ಇದರ ಕೊಬ್ಬೇ ಅಲ್ವಾ ಅಂತ ಎತ್ತಿ ನೆಲಕ್ಕೆ ಬಡಿದ. ಪಕ್ಕದಲ್ಲಿದ್ದ ಮೀಟರನ್ನ ತುಳಿದು ಪುಡಿಮಾಡಿದ.

ಪಿತ್ತ ನೆತ್ತಿಗೇರಿತು. ಬೇರೊಂದು ಬೆಸುಗೆಗೆ ಅಂತ ಕಾಯಿಸಿಟ್ಟಿದ್ದ ಸೋಲ್ಡರಿಂಗ್ ಐರನ್ ತಗೊಂಡು ಅವನ ಕೈ ಮೇಲೆ ಒತ್ತಿದೆ. ಚರ್ಮ ಸುಟ್ಟ ವಾಸನೆ ರೂಮೆಲ್ಲ ತುಂಬಿತು. ಅವನು ಬಗ್ಗಿದ್ದೇ ತಡ, ಕುರಿಯ ವೈರನ್ನ ಅವನ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಎಳೆದೆ. ಮುಖ ಕೆಂಪಾಯಿತು, ಆಮೇಲೆ ನೀಲಿ. ಕಾಲು ನೆಲ ಕೆರೀತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗ್ತಿತ್ತು. ಬಿಡು ಅಂತ ತಂಗಿ ಎಷ್ಟು ಸಲ ಕೂಗಿದಳೋ ಕೇಳಿಸಲೇ ಇಲ್ಲ. ಆಮೇಲೆ ನನ್ನ ಮಣಿಕಟ್ಟು ಕಚ್ಚಿದಳು, ಹಲ್ಲು ಮೂಳೆಗೆ ತಾಗೋ ಹಾಗೆ. ನಾನು ಜಗ್ಗಿದ ರಭಸಕ್ಕೆ ವೈರು ತುಂಡಾಯಿತು. ಅವನು ಕೆಮ್ಮುತ್ತಾ, ರಕ್ತ ಉಗೀತಾ, ಗೋಡೆ ಹಿಡಿದುಕೊಂಡು ಹೊರಗೆ ಹೋದ. ನಾಳೆ ಫೇಲಾಗ್ತಾಳೆ, ನಾಡಿದ್ದು ನನ್ನ ಬಾಗಿಲಲ್ಲೇ ನಿಂತಿರ್ತಾಳೆ ಅಂತ ಮೆಟ್ಟಿಲಿಂದ ಹೇಳಿಹೋದ.

ನಾನು ಬಾಯಿ ಕೂಡ ತೊಳೀಲಿಲ್ಲ. ಡಬ್ಬಿ ನೆಟ್ಟಗೆ ಮಾಡಿ, ಕಿತ್ತುಬಂದ ವೈರುಗಳಿಗೆ ಬೆಸುಗೆ ಹಾಕಿದೆ. ಹಲ್ಲು ಕಡೀತಿದ್ದೆ. ಇಪ್ಪತ್ತು ನಿಮಿಷಕ್ಕೆ ದೀಪ ಹತ್ತಿತು. ತಂಗಿಯ ಒಳ್ಳೆ ಹೆಡ್‌ಫೋನ್ ಸಿಕ್ಕಿಸಿ, ಹಾಕ್ಕೋ ಅಂದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಕುರಿ ಎಲ್ಲಿ?"

"ಸತ್ತೋಯ್ತು. ನೋಡ್ಲಿಲ್ವಾ?"

"ಹಾಗಾದ್ರೆ ಬೇಡ ಅಣ್ಣ. ಮೀಟರ್ ಕೂಡ ಇಲ್ಲ. ನೀನೇ ಹೇಳ್ಕೊಟ್ಟಿದ್ದಲ್ವಾ."

"ನಿನಗೋಸ್ಕರ ಈಗ ಒಬ್ಬನ್ನ ಕೊಲ್ತಿದ್ದೆ ನಾನು. ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಹೆಡ್‌ಫೋನ್ ಹಿಡಿದ ಕೈ ಮೇಲೆತ್ತಿ ಕಿರುಚ್ತಿದ್ದೆ.

ಅವಳು ಗೋಡೆಗೆ ಒರಗಿ ಎಡಕೆನ್ನೆ ಮುಚ್ಚಿಕೊಂಡಿದ್ದಳು. "ಅವರೂ ಕೈ ಎತ್ತಿ ಇದನ್ನೇ ಕೇಳ್ತಿದ್ರು," ಅಂದಳು.

ಉರಿದುಹೋಯಿತು. ನನ್ನನ್ನ ಅವನಿಗೆ ಹೋಲಿಸ್ತೀಯಾ ಅಂತ ಹೆಡ್‌ಫೋನನ್ನ ನನ್ನ ತಲೆಗೇ ಸಿಕ್ಕಿಸಿಕೊಂಡು, ವಾಲ್ಯೂಮ್ ಪೂರ್ತಿ ತಿರುಗಿಸಿದೆ.

ಕಿವಿಗೆ ಮೊಳೆ ಇಟ್ಟು ಸುತ್ತಿಗೇಲಿ ಹೊಡೆದ ಹಾಗಾಯಿತು. ಶಬ್ದ ಅಂತ ಕೂಡ ಅನ್ನಿಸಲಿಲ್ಲ. ಕೈ ಕಾಲು ಸ್ವಾಧೀನ ತಪ್ಪಿ ಬಿದ್ದೆ, ಮೇಜಿನ ಅಂಚಿಗೆ ಹಣೆ ಒಡೀತು, ವಾಂತಿ ಬಂತು. ಪ್ಲಗ್ ಕಿತ್ತವಳು ತಂಗಿ. ನನ್ನ ಬಲಗಿವಿಯಿಂದ ಇಳಿದ ರಕ್ತವನ್ನ ಸೆರಗಲ್ಲಿ ಒರೆಸಿದವಳೂ ಅವಳೇ.

ನೆಲಕ್ಕೆ ಬಡಿದಾಗ ಒಂದು ಸಣ್ಣ ರೆಸಿಸ್ಟರಿನ ಕಾಲು ಮುರಿದಿತ್ತು, ಆಮೇಲೆ ಬಿಚ್ಚಿದಾಗ ಕಂಡಿತು. ಆಂಪಿಗೆ ಕಡಿವಾಣ ಅದು. ಅದಿಲ್ಲದಿದ್ದರೆ ಇರೋಬರೋ ಶಕ್ತಿಯನ್ನೆಲ್ಲ ಕಿವಿಗೆ ಸುರಿಯುತ್ತೆ. ಅವಳ ಒಂದೇ ಕಿವಿಗೆ ಸುರೀಬೇಕಾಗಿದ್ದದ್ದು. ಮೀಟರ್ ಇದ್ದಿದ್ದರೆ ಒಂದು ನಿಮಿಷದ ಕೆಲಸ.

ಆಸ್ಪತ್ರೇಲಿ ಅದೇ ಡಾಕ್ಟರು. ಅವಳನ್ನ ನೋಡಿ, ನನ್ನನ್ನ ನೋಡಿ, ನಿಮ್ಮ ಮನೇಲಿ ಏನು ನಡೀತಿದೆ ಅಂದರು. ನನಗೆ ಕೇಳಿಸಲಿಲ್ಲ, ಆಮೇಲೆ ಅವಳು ಹೇಳಿದ್ದು. ಬಲಗಿವಿ ಹೋಯಿತು. ಈಗ ಅದರೊಳಗೆ ಹಗಲೂ ರಾತ್ರಿ ಒಂದು ಸಿಳ್ಳೆ ಇದೆ, ಅಷ್ಟೇ.

ಸಂಜೆ ಅವಳು ಅಂಗಡಿಗೆ ಹೋಗಿ ಒಂದು ಮೀಟರು, ಒಂದು ಅಗ್ಗದ ಹೆಡ್‌ಫೋನ್ ತಂದಳು. ನಾನು ಬೆರಳು ತೋರಿಸಿದೆ, ಅವಳು ಬೆಸುಗೆ ಹಾಕಿದಳು. ಮೂರು ಸಲ ಅಳೆದಳು, ಮೂರು ಸಲ ಹೊಸ ಕುರಿಗೆ ಕೇಳಿಸಿದಳು. ಒಳ್ಳೆ ಹೆಡ್‌ಫೋನಿನ ಬಲಗಡೆ ಸುಟ್ಟಿತ್ತು. ವೈರು ಬದಲಾಯಿಸಿ, ಹಿಂದುಮುಂದಾಗಿ ತಿರುಗಿಸಿ, ಸುಟ್ಟ ಕಡೆಯನ್ನ ಸತ್ತ ಕಿವಿಗೆ ಹಾಕಿಕೊಂಡಳು. ಸೋಮವಾರ ಒಂದು ಗಂಟೆಯ ರೆಕಾರ್ಡಿಗೆ ಎರಡೇ ತಪ್ಪು. ಕೆಲಸ ಉಳೀತು.

ತಿಂಗಳೊಳಗೆ ಆಫೀಸಿನ ಹತ್ತಿರವೇ ಒಂದು ರೂಮು ಹಿಡಿದಳು. ಯಾಕೆ, ನಾನೇನು ನಿನ್ನ ಹೊಡೆದಿದ್ದೀನಾ ಅಂತ ಕೇಳೋಣ ಅಂದುಕೊಂಡೆ, ನಾಲಿಗೆ ಕಚ್ಚಿಕೊಂಡೆ. ಹೊರಡುವಾಗ ನನ್ನ ಬಲಗಡೆ ನಿಂತು ಏನೋ ಹೇಳಿದಳು. ಮತ್ತೊಂದು ಸಲ ಹೇಳು ಅಂದೆ. ಸುತ್ತಿ ಎಡಗಡೆಗೆ ಬಂದಳು. "ಮನೆಗೆ ಬರ್ತಾ ಇರು ಅಂದೆ. ಬರೋ ಮುಂಚೆ ಫೋನ್ ಮಾಡು."

ಮಾಡ್ತೀನಿ. ಪ್ರತಿ ಸಲ ಅವಳದು ಒಂದೇ ಪ್ರಶ್ನೆ, ಇವತ್ತು ಕೋಪ ಇದೆಯಾ ಅಂತ. ಇಲ್ಲ ಅಂತೀನಿ, ಬಾ ಅಂತಾಳೆ. ಹೋದ ವಾರ ಮಾತ್ರ, ಇದ್ದದ್ದನ್ನ ಇದ್ದ ಹಾಗೆ, ಇದೆ ಅಂದೆ. ನಿಜ ಹೇಳಿದ್ದು ಒಳ್ಳೇದಾಯ್ತು ಅಣ್ಣ, ನಾಳೆ ಬಾ ಅಂತ ಫೋನ್ ಇಟ್ಟಳು.