ನಡುಗದ ಮುಕ್ಕಾಲಿ

ಫೆಚ್ಚಬುರಿ ಕರಾವಳಿಯ ಉಪ್ಪಿನ ಗದ್ದೆಗಳಲ್ಲಿ ಪ್ರಾಮೋತನ ಕಣ್ಣಿಗೆ ಸಮನಾದ ಕಣ್ಣು ಇನ್ನೊಂದಿರಲಿಲ್ಲ. ನಾಯಿಗಳನ್ನು ಬಿಟ್ಟು ಊರಿನವರೆಲ್ಲ ಅವನನ್ನು ಲುಂಗ್, ಅಂದರೆ ದೊಡ್ಡಪ್ಪ, ಎಂದು ಕರೆಯುತ್ತಿದ್ದರು. ಎರಡು ಮೈಲಿ ಆಚೆ ಸೊಳ್ಳೆ ಆಕಳಿಸಿದರೆ ಅದರ ಹಲ್ಲು ಎಣಿಸಿ ಹೇಳುವ ಮನುಷ್ಯ ಅವನು. ಒಮ್ಮೆ ಕೊಲ್ಲಿಯ ಆಚೆ ದಡದಲ್ಲಿ ಯಾರೋ ಹೆಂಗಸು ಮೀನಿನ ಸಾರಿಗೆ ಉಪ್ಪು ಹಾಕಲು ಮರೆತದ್ದನ್ನು ಇಲ್ಲಿಂದಲೇ ಕಂಡು ಕೂಗಿ ಹೇಳಿದನಂತೆ. ಹೇಳಿದವನು ಅವನೇ. ನಂಬದವರು ಯಾರೂ ಇರಲಿಲ್ಲ, ಏಕೆಂದರೆ ಚಮಚಕೊಕ್ಕಿನ ಹಕ್ಕಿಯನ್ನು ಆ ಗದ್ದೆಗಳಲ್ಲಿ ಮೊದಲು ಕಂಡವನೂ ಅವನೇ.

ಆ ಹಕ್ಕಿ ಗುಬ್ಬಿಯಷ್ಟು ದೊಡ್ಡದು. ಚಳಿಗಾಲಕ್ಕೆ ರಷ್ಯಾದ ಹಿಮದ ದಂಡೆಯಿಂದ ಹಾರಿ ಬಂದು, ಅದೇ ಗಾತ್ರದ, ಅದೇ ಬಣ್ಣದ ಸಾವಿರ ಗೊರವ ಹಕ್ಕಿಗಳ ನಡುವೆ ನಿಂತು ಕೆಸರು ಕೆದಕುತ್ತದೆ. ವ್ಯತ್ಯಾಸವೆಂದರೆ ಕೊಕ್ಕಿನ ತುದಿಯಲ್ಲಿ ಭತ್ತದ ಕಾಳಿನಷ್ಟಗಲದ ಒಂದು ಚಮಚ, ಅಷ್ಟೇ.

ಆ ಚಮಚದ ಮೇಲೆ ಪ್ರಾಮೋತನ ಬದುಕು ನಿಂತಿತ್ತು. ಗದ್ದೆ ಅವನದಲ್ಲ, ಜೇ ಹೂಯ್, ಅಂದರೆ ಹೂಯ್ ಅಕ್ಕ, ಎಂಬ ಹಿರಿಯಾಕೆಯದು. ಅವನೂ ಹೆಂಡತಿ ಸೈಯುದಳೂ ಮೂವತ್ತು ವರ್ಷದಿಂದ ಪಾಲಿಗೆ ಮಾಡಿಕೊಂಡು ಬಂದದ್ದು. ಹಕ್ಕಿ ಮೊದಲು ಕಂಡ ವರ್ಷ ಜೇ ಹೂಯ್‌ಳ ತಂದೆ ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದವನು, ಗದ್ದೆಯ ಅಂಚಿನ ಭೂತದ ಗುಡಿಯಲ್ಲಿ ಹರಕೆ ಹೊತ್ತಿದ್ದ: ಚಮಚಕೊಕ್ಕಿನ ಹಕ್ಕಿ ಬರುವಷ್ಟು ಕಾಲ ಈ ನೆಲ ಮಾರುವುದಿಲ್ಲ. ಭೂತಕ್ಕೆ ಕೊಟ್ಟ ಮಾತು ಅಲ್ಲಿ ನೋಂದಣಿ ಕಾಗದಕ್ಕಿಂತ ಗಟ್ಟಿ. ಜೇ ಹೂಯ್‌ಳ ಗಂಡುಮಕ್ಕಳು ಸೋಲಾರ್ ಕಂಪನಿಗೆ ಮಾರಲು ಐದು ವರ್ಷದಿಂದ ಹಲ್ಲು ಕಡಿದು ಕಡಿದು ಹಲ್ಲೇ ಸವೆಸಿಕೊಂಡಿದ್ದರು. ಆದರೂ ಪ್ರತಿ ಚಳಿಗಾಲ ಪ್ರಾಮೋತ ದುರ್ಬೀನಿನ ಸ್ಕೋಪಿಗೆ ಕಣ್ಣಿಟ್ಟು "ಬಂದಿದೆ" ಎನ್ನುತ್ತಿದ್ದ. ಜೇ ಹೂಯ್ ಗುಡಿಗೆ ಊದುಬತ್ತಿ ಹಚ್ಚುತ್ತಿದ್ದಳು.

ಹಿಂದಿನ ಎರಡು ಚಳಿಗಾಲ ಮಾತ್ರ ಹಕ್ಕಿ ಪ್ರಾಮೋತನೊಬ್ಬನಿಗೇ ಕಂಡಿತ್ತು.

"ಲುಂಗ್, ಈ ಸಲ ನಾನೂ ಕಣ್ಣಾರೆ ನೋಡ್ಬೇಕು," ಎಂದಳು ಹಕ್ಕಿ ಎಣಿಸುವ ಸಂಘದ ವಿಮೋನ್. "ನಿಮ್ಮ ಟ್ರೈಪಾಡ್ ಮೇಲೆ ಸ್ಕೋಪ್ ಇಟ್ರೆ ಆನೇನೂ ಕುಣಿಯೋ ಹಾಗೆ ಕಾಣುತ್ತೆ. ಒಳ್ಳೇದು ಒಂದು ತಂದಿಡಿ. ಶನಿವಾರ ಬೆಳಿಗ್ಗೆ ಬರ್ತೀನಿ, ಜೇ ಹೂಯ್ ಅವರನ್ನೂ ಕರ್ಕೊಂಡು."

ಅದು ನಿಜ. ಯಾರೋ ಪರದೇಶಿ ಬಿಟ್ಟುಹೋದ ಅಲ್ಯೂಮಿನಿಯಂ ಮುಕ್ಕಾಲಿ ಅದು, ಕಾಲುಗಳು ಕೊಕ್ಕರೆಯದಕ್ಕಿಂತ ತೆಳ್ಳಗೆ. ಒಂದು ಕಾಲಿಗೆ ಬಲೆಯ ದಾರದ ಪಟ್ಟಿ. ಪ್ರಾಮೋತನ ಸೊಂಟ ಬಾಗದ ಕಾರಣ ನಡುವಿನ ಕಂಬವನ್ನು ಪೂರ್ತಿ ಮೇಲಕ್ಕೆ ಎಳೆದು ಇಡುತ್ತಿದ್ದ. ಪಕ್ಕದ ಊರಿನಲ್ಲಿ ಯಾರಾದರೂ ಸೀನಿದರೆ ಸಾಕು, ಅದು ಊಟದ ಹೊತ್ತಿನ ತನಕ ನಡುಗುತ್ತಿತ್ತು.

ಗುರುವಾರ ಗಂಡಹೆಂಡಿರು ಪೇಟೆಗೆ ಹೋದರು. ಭೂಮಿ ಅಳೆಯುವ ಸಾಮಾನು ಮಾರುವ ವಿರುತ್ ಎಂಬವನ ಅಂಗಡಿ. ಬಾಗಿಲಲ್ಲಿ ನಿಂತರೆ ಗುಡ್ಡದ ಮೇಲಿನ ಅರಮನೆ, ಅದರ ಗೋಡೆಯ ಮೇಲೆ ಕೋತಿಗಳು.

"ಕೋತಿ ನೋಡಿ, ಲುಂಗ್," ಎಂದ ವಿರುತ್, ಒಂದೊಂದೇ ಮುಕ್ಕಾಲಿಗೆ ಸ್ಕೋಪ್ ಕೂರಿಸುತ್ತ. "ನಾನು ಕಾಲಿಗೆ ಬೆರಳಲ್ಲಿ ಕುಟ್ತೀನಿ. ಕೋತಿ ಅಲ್ಲಾಡೋದು ನಿಲ್ಲೋ ತನಕ ಎಣಿಸಿ."

ಮೊದಲನೆಯದಕ್ಕೆ ಒಂಬತ್ತು ಎಣಿಸುವ ತನಕ ಕೋತಿ ಕುಣಿಯಿತು. ಎರಡನೆಯದು ಕರಿಯದು, ಕಾರ್ಬನ್‌ನದು, ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. ನಾಲ್ಕಕ್ಕೆ ನಿಂತಿತು.

"ಇದು ಬೆಟ್ಟ ಹತ್ತೋರಿಗೆ ಸರಿ," ಎಂದ ವಿರುತ್. "ನಿಮ್ಮ ಗಾಳಿಗೆ ಇದು ಹಕ್ಕಿಗಿಂತ ಮೊದಲು ರಷ್ಯಾ ಮುಟ್ಟುತ್ತೆ."

ಮೂರನೆಯದು ಅಳತೆಯವರ ಹಳದಿ ಮರದ್ದು. ತೊಡೆಯಷ್ಟು ದಪ್ಪ ಕಾಲು, ತುದಿಗೆ ಕಬ್ಬಿಣದ ಮೊಳೆ. ಎತ್ತುವ ಕಂಬವೇ ಇಲ್ಲ. ಎತ್ತರ ಬೇಕಾದರೆ ಕಾಲು ಉದ್ದ ಮಾಡಬೇಕು, ಬೇಡವಾದರೆ ಅಗಲಿಸಬೇಕು. ವಿರುತ್ ಬೆರಳಲ್ಲಲ್ಲ, ಸುತ್ತಿಗೆಯ ಹಿಡಿಯಲ್ಲಿ ಕುಟ್ಟಿದ. ಪ್ರಾಮೋತ "ಒಂದು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೋತಿ ನಿಂತಿತ್ತು. ಅದು ಮರಿಯ ತಲೆಯಿಂದ ಹೇನು ಹೆಕ್ಕುತ್ತಿತ್ತು. ಹೇನಿನ ಮುಖದಲ್ಲಿ ಪ್ರಾಣಭಯ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೆಣ್ಣು ನೋಡೋಕೆ ಬಂದಾಗ ನನ್ನ ಇಷ್ಟು ನೋಡಿರ್ಲಿಲ್ಲ ನೀನು," ಎಂದಳು ಸೈಯುದ್.

"ಆಗ ನನ್ನ ಕೈಯಲ್ಲಿ ಮುಕ್ಕಾಲಿ ಇರ್ಲಿಲ್ವಲ್ಲ, ಮುದುಕಿ. ಇದ್ದಿದ್ರೆ ಬಚಾವಾಗ್ತಿದ್ದೆ."

ಬೆಲೆಗೆಂದು ತಂದಿದ್ದ ಉಪ್ಪಿನ ಮೂಟೆಗಳನ್ನು ಅಂಗಡಿಯ ಬಾಗಿಲಲ್ಲೇ ಇಳಿಸಿ, ಹಳದಿ ಮುಕ್ಕಾಲಿಯನ್ನು ಮೋಟಾರುಗಾಡಿಗೆ ಕಟ್ಟಿಕೊಂಡು ಬಂದರು.

ಶುಕ್ರವಾರ ಮಧ್ಯಾಹ್ನ ಅದನ್ನು ಬದುವಿನ ಮೇಲೆ ನಿಲ್ಲಿಸಿದ. ಉಪ್ಪಿನ ಗದ್ದೆಯಲ್ಲಿ ಮೇಲೆ ಗಟ್ಟಿಯಾಗಿ ಕಾಣುವ ಹೆಪ್ಪಿನ ಪದರ, ಒಳಗೆ ಪಾಯಸ. ಎಲ್ಲಿ ಗಟ್ಟಿ ಜೇಡಿಮಣ್ಣಿದೆ ಎಂಬುದು ಅವನ ಅಂಗಾಲಿಗೆ ಗೊತ್ತು. ಮೂರು ಮೊಳೆಯನ್ನೂ ಹಿಮ್ಮಡಿಯಲ್ಲಿ ತುಳಿದು ಇಳಿಸಿ, ನಡುವೆ ಒಂದು ಬಕೆಟ್ ಉಪ್ಪು ತೂಗುಹಾಕಿದ. ಬೊಗಳಿದ ನಾಯಿಯ ಬೊಗಳು ಅದರ ಗಂಟಲಿಗೇ ತಿರುಗಿ ಹೋಗುವಂಥ ಗಾಳಿ. ಮುಕ್ಕಾಲಿ ಮಿಸುಕಲಿಲ್ಲ.

ಮೂರನೆಯ ಪಾತಿಯ ಮೂಲೆಯಲ್ಲಿ ಅದೇ ಹಕ್ಕಿ ಇತ್ತು. ಎರಡು ಚಳಿಗಾಲದಿಂದ ಅವನು ಎಲ್ಲರಿಗೂ ಹೇಳುತ್ತಿದ್ದ, ಬಲಗಾಲು ಸ್ವಲ್ಪ ಕುಂಟುವ ಹಕ್ಕಿ. ಕೊಕ್ಕಿನ ತುದಿ ಅಗಲವಾಗಿತ್ತು. ಪ್ರಾಮೋತ ನಕ್ಕ. ಆಮೇಲೆ ಹಕ್ಕಿ ಕೊಕ್ಕನ್ನು ನೀರಿಗೆ ಅದ್ದಿ ಎರಡು ಸಲ ಒದರಿತು. ಅಗಲವಾದದ್ದು ಬಿದ್ದುಹೋಯಿತು. ಕೆಸರಿನ ಉಂಡೆ. ಅದರಡಿಯಲ್ಲಿ ಸೂಜಿಯಂಥ ನೆಟ್ಟನೆ ಕೊಕ್ಕು, ಎಲ್ಲ ಗೊರವಗಳಿಗೂ ಇರುವಂಥದ್ದು.

ಅವನು ಹಳೆಯ ಮುಕ್ಕಾಲಿ ತಂದು ಸ್ಕೋಪನ್ನು ಅದಕ್ಕೆ ಕೂರಿಸಿದ. ಗಾಳಿಗೆ ನೋಟ ನಡುಗಿತು. ಸೂಜಿಯ ತುದಿ ಎಡಕ್ಕೂ ಬಲಕ್ಕೂ ಅದುರಿ ಅದುರಿ ಹರಡಿಕೊಂಡು ಚಮಚವಾಯಿತು. ಪಕ್ಕದ ಹಕ್ಕಿಗೂ ಚಮಚ. ಅದರಾಚೆಯದಕ್ಕೂ.

ಮತ್ತೆ ಮರದ ಮುಕ್ಕಾಲಿಗೆ ಹಾಕಿ, ಸೂರ್ಯ ಇಳಿಯುವ ತನಕ ಒಂದೊಂದೇ ಹಕ್ಕಿ ನೋಡಿದ. ಮುನ್ನೂರ ಹನ್ನೆರಡು, ಒಂದಕ್ಕೂ ಚಮಚವಿಲ್ಲ. ಲುಂಗ್ ಪ್ರಾಮೋತ ಜೀವನದಲ್ಲಿ ಒಂದನ್ನು ಹತ್ತು ಮಾಡದೆ ಎಣಿಸಿದ್ದು ಅದೇ ಮೊದಲು.

ಸೈಯುದ್ ಅನ್ನ, ಹುರಿದ ಮೀನು ತಂದು ಬದುವಿನ ಮೇಲಿಟ್ಟಳು. ಅವನ ಮುಖ ನೋಡಿ ತಾನೂ ಸ್ಕೋಪಿಗೆ ಕಣ್ಣಿಟ್ಟಳು.

"ಎಷ್ಟು ವರ್ಷದಿಂದ?" ಎಂದಳು.

"ಎರಡಿರ್ಬೇಕು. ಮೂರೂ ಇರಬಹುದು."

"ನಾಳೆ ಹಳೇದನ್ನೇ ಇಡು."

ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ.

"ಗಾಳಿ ಹೀಗೇ ಇರುತ್ತೆ," ಎಂದಳು. "ಆ ಹುಡುಗಿಗೂ ಚಮಚ ಕಾಣುತ್ತೆ, ಜೇ ಹೂಯ್‌ಗೂ ಕಾಣುತ್ತೆ. ನೀನು ಸುಳ್ಳೂ ಹೇಳ್ಬೇಕಾಗಿಲ್ಲ. ಬರೀ ಆ ಮುಕ್ಕಾಲಿ ಇಡು. ಜನ್ಮವೆಲ್ಲ ಬುರುಡೆ ಬಿಟ್ಟೋನು, ಇದೊಂದಕ್ಕೆ ಯಾಕೆ ಬಾಯಿ ಒಣಗುತ್ತೆ?"

"ಅವೆಲ್ಲ ಬುರುಡೆ ಅಂತ ನಂಗೆ ಗೊತ್ತಿತ್ತು, ಮುದುಕಿ," ಎಂದ ಪ್ರಾಮೋತ. "ಇದನ್ನ ನಾನೂ ನಂಬಿದ್ದೆ."

ಶನಿವಾರ ಬೆಳಿಗ್ಗೆ ಊರಿಗೆ ಊರೇ ಬದುವಿನ ಮೇಲೆ ನೆರೆದಿತ್ತು. ಹಳೆಯ ಮುಕ್ಕಾಲಿ ಗುಡಿಸಲ ಗೋಡೆಗೆ ಒರಗಿ ನಿಂತಿತ್ತು. ಸೈಯುದ್ ಅದರ ಪಕ್ಕದಲ್ಲೇ ನಿಂತು ಗಂಡನನ್ನು ನೋಡುತ್ತಿದ್ದಳು. ಅವನು ಗೋಡೆಯ ಹತ್ತಿರ ಹೋದ, ಒಂದು ಕ್ಷಣ ಕೈ ಚಾಚಿದ. ಆಮೇಲೆ ಹಳದಿಯದನ್ನು ಹೆಗಲಿಗೇರಿಸಿಕೊಂಡು ನಿನ್ನೆಯ ಅದೇ ಮೂರು ತೂತಿಗೆ ಇಳಿಸಿದ.

"ಹಕ್ಕಿ ಇಲ್ಲ," ಎಂದ. "ಹೋದ ವರ್ಷವೂ ಇರ್ಲಿಲ್ಲ. ನಾನು ನೋಡಿದ್ದು ಕೆಸರು."

ಜನ ನಕ್ಕರು. "ಲುಂಗ್‌ದು ಹೊಸ ವರಸೆ," ಎಂದನೊಬ್ಬ. "ಇಲ್ಲ ಅಂತಿದಾನೆ ಅಂದ್ರೆ ನೂರಾದ್ರೂ ಬಂದಿರ್ಬೇಕು."

ವಿಮೋನ್ ನೋಡಿದಳು. ಅವಳು ತಲೆಯೆತ್ತಿದಾಗ ನಗು ಅರ್ಧ ನಿಂತಿತು. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು, ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಜೇ ಹೂಯ್ ಮಗನ ತೋಳು ಹಿಡಿದು ಬಂದಳು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ಅವಳೇ.

"ಚೂರಾದ್ರೂ ಅಲ್ಲಾಡಲ್ವಲ್ಲೋ, ಪ್ರಾಮೋತ," ಎಂದಳು.

"ಇಲ್ಲ, ಜೇ. ಒಳ್ಳೇದನ್ನೇ ಆರಿಸ್ದೆ."

ಅವಳು ಗುಡಿಯತ್ತ ನಡೆದಳು. ಹರಕೆ ಬಿಡಿಸಿಕೊಳ್ಳಲು ಒಂಬತ್ತು ಊದುಬತ್ತಿ ಹಚ್ಚಿದಳು. ಹೊಗೆ ಗಾಳಿಗೆ ಅಡ್ಡಡ್ಡಲಾಗಿ ಹೋಯಿತು.

ಹನ್ನೊಂದನೆಯ ದಿನಕ್ಕೆ ಸೋಲಾರ್ ಕಂಪನಿಯ ಕಡೆಯಿಂದ ಭೂಮಿ ಅಳೆಯುವವರು ಬಂದರು. ಅವರದೂ ಹಳದಿ ಮರದ ಮುಕ್ಕಾಲಿಯೇ. ಎಲ್ಲಿ ನಿಲ್ಲಿಸಿದರೂ ಒಂದು ಕಾಲು ಹೆಪ್ಪೊಡೆದು ಒಳಗಿಳಿಯುತ್ತಿತ್ತು. ಒಬ್ಬ ಬೆವರು ಒರೆಸಿಕೊಳ್ಳುತ್ತ ಗುಡಿಸಲಿಗೆ ಬಂದ.

"ಲುಂಗ್, ಇಲ್ಲಿ ಗಟ್ಟಿ ನೆಲ ಎಲ್ಲಾದ್ರೂ ಇದ್ಯಾ?"

ಪ್ರಾಮೋತ ಎದ್ದು ಬದುವಿನ ಮೇಲೆ ಮುಂದೆ ನಡೆದ. ಮೂರು ತೂತುಗಳಲ್ಲಿ ಬಿಳಿ ಉಪ್ಪು ಕೂತಿತ್ತು. ಹೆಬ್ಬೆರಳಿನಿಂದ ಅದನ್ನು ಕೆದಕಿ ತೆಗೆದು, ಪಕ್ಕಕ್ಕೆ ಸರಿದು ನಿಂತ.

"ಇಲ್ಲಿ ಇಡಿ," ಎಂದ. "ನಡುಗಲ್ಲ."